ನಾಲಗೆಯ ‘ಬೇಡ’ವೂ ವ್ರತದ ‘ಬೇಡ’ವೂ

ಶ್ರಾವಕಧರ್ಮವು ಬಸದಿಯಲ್ಲಿ ಎಷ್ಟು ಕಾಣುವುದೋ ಅಷ್ಟೇ ಅಡಿಗೆಯ ಮನೆಯಲ್ಲಿಯೂ ಕಾಣುತ್ತದೆ. ನೀರು ಸೋಸುವ ಬಟ್ಟೆ, ಕಾಳು ಆರಿಸುವ ಮೊರ, ಸೂರ್ಯನ ಇಳಿತದ ಮೇಲೆ ಸದಾ ನೆಟ್ಟಿರುವ ಗೃಹಿಣಿಯ ಕಣ್ಣು, ಇವೆಲ್ಲವೂ ಅಹಿಂಸಾಣುವ್ರತದ ದಿನನಿತ್ಯದ ಉಪಕರಣಗಳು. ತಲೆಮಾರುಗಳಿಂದ ಈ ಎಚ್ಚರಿಕೆಯನ್ನು ಕಾಪಾಡಿಕೊಂಡು ಬಂದ ಮನೆಗಳಲ್ಲಿ ಈಗ ಒಂದು ಹೊಸ ಚಿಂತೆ ತಲೆದೋರಿದೆ. ಹದಿಮೂರರಿಂದ ಹದಿನೆಂಟು ವರ್ಷದ ಮಕ್ಕಳು ತಟ್ಟೆಯ ಮುಂದೆ ಕುಳಿತು ಒಂದಾದ ಮೇಲೊಂದರಂತೆ ಎಲ್ಲವನ್ನೂ ‘ಬೇಡ’ ಎನ್ನುತ್ತಾರೆ. ಈ ‘ಬೇಡ’ದಲ್ಲಿ ಧರ್ಮ ಎಷ್ಟು, ಚಪಲ ಎಷ್ಟು ಎಂಬುದನ್ನು ಬಿಡಿಸಿ ನೋಡಬೇಕಾದ ಕಾಲ ಬಂದಿದೆ.

ಬೆಂಗಳೂರಿನ ಪಶ್ಚಿಮ ಭಾಗದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಬಡಾವಣೆಗಳಲ್ಲಿ ಹಳ್ಳಿ-ಪಟ್ಟಣಗಳಿಂದ ಬಂದು ನೆಲೆಸಿದ ಜೈನ ಮನೆತನಗಳಿವೆ. ಅಂಥ ಒಂದು ಮನೆಯನ್ನು ದೃಷ್ಟಾಂತವಾಗಿ ಭಾವಿಸಿಕೊಳ್ಳಬಹುದು. ಆ ಮನೆಯ ಹದಿನೈದು ವರ್ಷದ ಬಾಲಿಕೆ ಹುಟ್ಟಿನಿಂದ ಈರುಳ್ಳಿ, ಬೆಳ್ಳುಳ್ಳಿ ಮುಟ್ಟಿದವಳಲ್ಲ; ಗೆಡ್ಡೆಗೆಣಸು ತಿಂದವಳಲ್ಲ. ತಂದೆತಾಯಿಗಳಿಗೆ ಇದು ಹೆಮ್ಮೆಯ ಸಂಗತಿ. ಆದರೆ ಅವಳು ಹೀರೇಕಾಯಿ, ಪಡವಲಕಾಯಿ, ಸೋರೆಕಾಯಿಗಳನ್ನೂ ಮುಟ್ಟುವುದಿಲ್ಲ; ಸೊಪ್ಪಿನ ಹುಳಿಯಲ್ಲಿ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳುತ್ತಾಳೆ; ರಾಗಿಮುದ್ದೆಯೆಂದರೆ ಮೂಗು ಮುರಿಯುತ್ತಾಳೆ. ತಟ್ಟೆಯಲ್ಲಿ ಉಳಿಯುವುದು ಬಿಳಿಯ ಅನ್ನ, ಮೊಸರು, ಹಪ್ಪಳ. ಸಂಜೆ ಪಾಠಕ್ಕೆ ಹೋಗುವ ದಾರಿಯಲ್ಲಿ ಒಂದು ಬಿಸ್ಕತ್ತಿನ ಪೊಟ್ಟಣ.

ಒಂದು ದಿನ ಅಜ್ಜಿ ಕೇಳುತ್ತಾರೆ: “ಮಗು, ಈ ಹೀರೇಕಾಯಿ ಬಿಟ್ಟಿದ್ದೀಯಲ್ಲ, ಏನಾದರೂ ನಿಯಮ ತಗೊಂಡಿದ್ದೀಯಾ?”

“ಇಲ್ಲ ಅಜ್ಜಿ, ನನಗೆ ಸೇರೋದಿಲ್ಲ.”

“ಹಾಗಾದರೆ ಈರುಳ್ಳಿ?”

“ಅದನ್ನ ನಾವು ತಿನ್ನೋ ಹಾಗಿಲ್ಲವಲ್ಲ!”

ಎರಡು ‘ಬೇಡ’ಗಳು ಒಂದೇ ಬಾಯಿಂದ, ಒಂದೇ ಧ್ವನಿಯಲ್ಲಿ ಬಂದವು. ಒಂದು ವ್ರತದ್ದು, ಇನ್ನೊಂದು ನಾಲಗೆಯದು. ಅನಂತಕಾಯವೆಂದು ಗೆಡ್ಡೆಯನ್ನು ಬಿಟ್ಟಾಗ ಆಹಾರದ ವಲಯ ಒಂದು ಕಡೆಯಿಂದ ಕಿರಿದಾಗುತ್ತದೆ. ಅದರ ನಷ್ಟವನ್ನು ತುಂಬಿಕೊಡಲು ಬೇಕಾದ ತರಕಾರಿ, ಕಾಳು, ಧಾನ್ಯ ಇನ್ನೊಂದು ಕಡೆ ಹೇರಳವಾಗಿವೆ. ಆದರೆ ಆ ಕಡೆಯಿಂದ ನಾಲಗೆ ಬಂದು ಬಾಗಿಲು ಹಾಕುತ್ತದೆ. ನಡುವೆ ಸಿಕ್ಕಿ ಸೊರಗುವುದು ಬೆಳೆಯುವ ಶರೀರ. ಹೀಗೆ ಸೊರಗಿದಾಗ ಅಪವಾದ ಮಾತ್ರ ವ್ರತದ ಮೇಲೆ ಬರುತ್ತದೆ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ಗುಣವ್ರತಗಳಲ್ಲಿ ಸೇರಿಸಿದ್ದಾರೆ. ಅಲ್ಲಿ ಅವರು ವಿಧಿಸುವ ಮುಖ್ಯ ಲಕ್ಷಣವೆಂದರೆ, ಸೇವಿಸಲು ಯೋಗ್ಯವಾದ ವಸ್ತುವಿನಿಂದ ತಿಳಿದು, ಸಂಕಲ್ಪಪೂರ್ವಕವಾಗಿ ಹಿಂದೆ ಸರಿದರೆ ಅದು ವ್ರತ. ಕಾಲದ ಮಿತಿಯಿಟ್ಟು ಬಿಟ್ಟರೆ ನಿಯಮ, ಜೀವಾವಧಿ ಬಿಟ್ಟರೆ ಯಮ. ಸಂಕಲ್ಪವಿಲ್ಲದ ಬಿಡುವಿಕೆಗೆ ಈ ಎರಡರಲ್ಲಿಯೂ ಸ್ಥಾನವಿಲ್ಲ. ಹಾಗಲಕಾಯಿ ಕಹಿಯೆಂದು ಬಿಟ್ಟವನು ತ್ಯಾಗಿಯಾಗುವುದಾದರೆ, ಬೇವನ್ನು ತಿನ್ನದ ಲೋಕವೆಲ್ಲ ತ್ಯಾಗಿಗಳಿಂದ ತುಂಬಿಹೋಗುತ್ತಿತ್ತು! ಅದೇ ಆಚಾರ್ಯರು ಈ ವ್ರತದ ಅತಿಚಾರಗಳನ್ನು ಎಣಿಸುವಾಗ ‘ಅತಿಲೌಲ್ಯ’ವನ್ನು, ಎಂದರೆ ವಿಷಯದಲ್ಲಿ ಅತಿಯಾದ ಲೋಲುಪತೆಯನ್ನು ಹೇಳಿದ್ದಾರೆ. ಇಷ್ಟವಾದುದನ್ನೇ ಬಯಸಿ ಉಳಿದುದನ್ನು ದೂಡುವ ಅಭ್ಯಾಸ ಇದೇ ಲೋಲುಪತೆಯ ಇನ್ನೊಂದು ಮುಖ. ಹೊರಗಿನಿಂದ ನೋಡಿದರೆ ತ್ಯಾಗದಂತೆ ಕಾಣುತ್ತದೆ. ಒಳಗೆ ನಡೆದಿರುವುದು ಭೋಗ.

ಹಾಗಾದರೆ ಆಹಾರವನ್ನು ಹೇಗೆ ಸ್ವೀಕರಿಸಬೇಕು? ಇದಕ್ಕೆ ಉತ್ತರ ಮುನಿಚರ್ಯೆಯಲ್ಲಿದೆ. ದಿನಕ್ಕೊಮ್ಮೆ, ನಿಂತು, ಅಂಗೈಯೇ ಪಾತ್ರೆಯಾಗಿ ಉಣ್ಣುವ ದಿಗಂಬರ ಮುನಿಯ ಆಹಾರವಿಧಾನಕ್ಕೆ ಶಾಸ್ತ್ರಕಾರರು ಐದು ಹೆಸರುಗಳನ್ನು ಕೊಟ್ಟಿದ್ದಾರೆ. ಹುಲ್ಲು ಹಾಕುವವಳ ಒಡವೆ-ಉಡುಗೆಗಳ ಕಡೆ ನೋಡದೆ ಹಸು ಮೇವನ್ನಷ್ಟೇ ನೋಡುವಂತೆ ಉಣ್ಣುವುದು ಗೋಚರಿ. ಹೂವಿಗೆ ನೋವಾಗದಂತೆ ದುಂಬಿ ಮಕರಂದ ಹೀರುವಂತೆ ದಾತೃವಿಗೆ ಹೊರೆಯಾಗದಿರುವುದು ಭ್ರಾಮರಿ. ಮನೆಗೆ ಬೆಂಕಿ ಬಿದ್ದಾಗ ನೀರು ಸಿಹಿಯೋ ಉಪ್ಪೋ ಎಂದು ವಿಚಾರಿಸದೆ ಸುರಿಯುವಂತೆ ಹಸಿವನ್ನು ತಣಿಸುವುದು ಉದರಾಗ್ನಿಪ್ರಶಮನ. ಸಿಕ್ಕಿದ ಮಣ್ಣಿನಿಂದ ಹಳ್ಳವನ್ನು ಮುಚ್ಚುವಂತೆ ಹೊಟ್ಟೆಯನ್ನು ತುಂಬುವುದು ಗರ್ತಪೂರಣ. ಐದನೆಯದಾದ ಅಕ್ಷಮ್ರಕ್ಷಣವಂತೂ ಪ್ರತಿಯೊಂದು ಮನೆಯಲ್ಲಿ ಮಕ್ಕಳಿಗೆ ಹೇಳತಕ್ಕ ಮಾತು. ರತ್ನಗಳನ್ನು ಹೇರಿದ ಬಂಡಿ ಊರು ಸೇರಬೇಕಾದರೆ ಅಚ್ಚಿಗೆ ಕೀಲೆಣ್ಣೆ ಬೇಕು. ಎಣ್ಣೆ ಯಾವ ಪರಿಮಳದ್ದು ಎಂದು ಬಂಡಿಯವನು ಕೇಳುವುದಿಲ್ಲ, ಹಾಕದೆಯೂ ಬಿಡುವುದಿಲ್ಲ. ಶರೀರವೆಂಬ ಬಂಡಿಯಲ್ಲಿ ಸಮ್ಯಗ್ದರ್ಶನ, ಸಮ್ಯಗ್ಜ್ಞಾನ, ಸಮ್ಯಕ್ಚಾರಿತ್ರಗಳೆಂಬ ರತ್ನಗಳಿವೆ. ಎಣ್ಣೆಯಿಲ್ಲದೆ ಅಚ್ಚು ಮುರಿದರೆ ರತ್ನಗಳು ದಾರಿಯಲ್ಲೇ ಚೆಲ್ಲುತ್ತವೆ.

ಹದಿಹರೆಯದ ಬಂಡಿಗೆ ಎಷ್ಟು ಎಣ್ಣೆ ಬೇಕೆಂಬುದನ್ನು ಇಂದಿನ ವೈದ್ಯಶಾಸ್ತ್ರ ಅಳೆದು ಹೇಳಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಪ್ರಕಟಿಸಿದ ಪ್ರಮಾಣದಂತೆ, 13ರಿಂದ 15 ವರ್ಷದ ಬಾಲಿಕೆಗೆ ದಿನಕ್ಕೆ ಸುಮಾರು 43 ಗ್ರಾಂ ಪ್ರೋಟೀನು, 1000 ಮಿಲಿಗ್ರಾಂ ಸುಣ್ಣದ ಅಂಶ, 30 ಮಿಲಿಗ್ರಾಂ ಕಬ್ಬಿಣದ ಅಂಶ ಬೇಕು. ಅದೇ ವಯಸ್ಸಿನ ಬಾಲಕನಿಗೆ ಕಬ್ಬಿಣ 22 ಮಿಲಿಗ್ರಾಂ ಸಾಕು. ಬಾಲಿಕೆಗೆ ಮಾಸಿಕ ರಕ್ತಸ್ರಾವದ ಕಾರಣ ಹೆಚ್ಚು ಬೇಕಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳ ಪೈಕಿ ದೇಶದಲ್ಲಿ ಶೇಕಡಾ 59 ಮಂದಿಗೆ ರಕ್ತಹೀನತೆ ಕಂಡುಬಂದಿತು. ಇದು ಎಲ್ಲ ಮತದವರ, ಎಲ್ಲ ಬಗೆಯ ಊಟ ಮಾಡುವವರ ಲೆಕ್ಕ. ಆದುದರಿಂದ ಸಸ್ಯಾಹಾರವೇ ರೋಗಕ್ಕೆ ಕಾರಣವೆಂದು ಅಂಜಬೇಕಾಗಿಲ್ಲ. ಸಸ್ಯಾಹಾರಿಗಳೆಂಬ ಕಾರಣಕ್ಕೆ ನಿಶ್ಚಿಂತರಾಗಿ ಕೂರುವಂತೆಯೂ ಇಲ್ಲ.

ನೂರು ಗ್ರಾಂ ಬಿಳಿಯ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ. ಅಷ್ಟೇ ತೂಕದ ಹುರುಳಿಕಾಳಿನಲ್ಲಿ ಏಳೆಂಟು ಮಿಲಿಗ್ರಾಂ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಎರಡು ಲೋಟ ಹಾಲಿನಲ್ಲಿ 450ಕ್ಕೆ ಮೇಲ್ಪಟ್ಟು ಇದೆ. ಇವುಗಳ ಜೊತೆಗೆ ಒಂದೆರಡು ಎಳ್ಳುಂಡೆ, ಬೇಳೆ, ತರಕಾರಿಗಳು ಕೂಡಿದರೆ ಸಾವಿರದ ಗುರಿ ದೂರವಿಲ್ಲ. ಅನ್ನದೊಂದಿಗೆ ಬೇಳೆಯ ಹುಳಿ ಸೇರಿದಾಗ ಒಂದರ ಪ್ರೋಟೀನಿನಲ್ಲಿರುವ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಕಾಳಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದರೆ, ಊಟದೊಂದಿಗೆ ನೆಲ್ಲಿಕಾಯಿ ಅಥವಾ ಸೀಬೆಹಣ್ಣು ಇದ್ದರೆ, ಕಬ್ಬಿಣದ ಅಂಶ ಮೈಗೆ ಹೆಚ್ಚು ಹತ್ತುತ್ತದೆ. ಊಟದ ಜೊತೆಯಲ್ಲಿಯೇ ಚಹಾ, ಕಾಫಿ ಕುಡಿದರೆ ಕಡಮೆಯಾಗುತ್ತದೆ. ಇವುಗಳಲ್ಲಿ ಯಾವುದೂ ಶ್ರಾವಕನ ಅಡಿಗೆಮನೆಗೆ ಹೊರಗಿನದಲ್ಲ.

ಚಾತುರ್ಮಾಸದಲ್ಲಿ ಸೂಕ್ಷ್ಮಜೀವಿಗಳ ಉತ್ಪತ್ತಿ ಹೆಚ್ಚೆಂದು ಸೊಪ್ಪನ್ನು ವರ್ಜಿಸುವ ಮನೆಗಳಿವೆ. ಅಷ್ಟಮಿ, ಚತುರ್ದಶಿಗಳಲ್ಲಿ ಹಸಿರು ತರಕಾರಿಯನ್ನು ಬಿಡುವ ಮನೆಗಳಿವೆ. ಆ ದಿನಗಳಲ್ಲಿ ತೊಗರಿ, ಹೆಸರು, ಅಲಸಂದೆ, ಹುರುಳಿಗಳು ಆಧಾರ. ಮೊಳಕೆ ಬರಿಸುವುದನ್ನು ನಿಷೇಧಿಸಿಕೊಂಡವರು ಕಾಳನ್ನು ನೆನೆಸಿ ಬೇಯಿಸಿದರೆ ಸಾಕು. ದ್ವಿದಳದ ನಿಯಮ ಪಾಲಿಸುವವರು ಹಾಲು-ಮೊಸರನ್ನು ಬೇಳೆಕಾಳಿನಿಂದ ಬೇರೆಯಾದ ಹೊತ್ತಿನಲ್ಲಿ ಕೊಡಬಹುದು. ಬಟಾಟೆಯ ಪಲ್ಯಕ್ಕಾಗಿ ಹಠ ಹಿಡಿಯುವ ಮಗುವಿಗೆ ಬಾಳೆಕಾಯಿಯ ಪಲ್ಯ ಅನೇಕ ಮನೆಗಳಲ್ಲಿ ರೂಢಿಯಾಗಿದೆ. ಚಳಿಗಾಲದಲ್ಲಿ ಮಾಗಡಿ ಕಡೆಯ ಸೊಗಡವರೆ ವಿಜಯನಗರದ ಮಾರುಕಟ್ಟೆಗೆ ಬಂದಾಗ, ಹಿತಕಿದ ಬೇಳೆಗೆ ಇಂಗು-ಜೀರಿಗೆಯ ಒಗ್ಗರಣೆಯೊಂದೇ ಸಾಕು. ಈರುಳ್ಳಿಯ ನೆನಪೂ ಬಾರದು. ಸಪ್ಪೆಯಾಗಿ ಬೇಯಿಸಿದ್ದನ್ನು ತಿನ್ನಲೇಬೇಕೆಂದು ಗದರುವುದು ಧರ್ಮೋಪದೇಶವಾಗಲಾರದು. ಶುದ್ಧವಾದುದನ್ನು ರುಚಿಯಾಗಿ ಮಾಡಿಕೊಡುವುದು ಹಿರಿಯರ ಕರ್ತವ್ಯ; ರುಚಿಗೆ ದಾಸರಾಗದಿರುವುದು ಕಿರಿಯರ ಅಭ್ಯಾಸ.

ಬಿ-12 ಎಂಬ ಜೀವಸತ್ವವು ಧಾನ್ಯ, ತರಕಾರಿಗಳಲ್ಲಿ ದೊರೆಯುವುದಿಲ್ಲ. ಸಸ್ಯಾಹಾರಿಗೆ ಅದರ ಮೂಲ ಹಾಲು, ಮೊಸರುಗಳು. ಅವನ್ನೂ ಕುಡಿಯದ ಮಗುವಿನಲ್ಲಿ ದಣಿವು, ಅನ್ಯಮನಸ್ಕತೆ, ಕೈಕಾಲು ಜುಮುಗುಡುವಿಕೆ ಕಂಡರೆ ವೈದ್ಯರಲ್ಲಿ ರಕ್ತಪರೀಕ್ಷೆ ಮಾಡಿಸಬೇಕು. ಔಷಧವನ್ನು ಕೊಡಿಸುವಾಗ ಪ್ರಾಣಿಜನ್ಯ ಜೆಲಟಿನ್ ಹೊದಿಕೆಯ ಕ್ಯಾಪ್ಸೂಲಿಗೆ ಬದಲಾಗಿ ಮಾತ್ರೆಯನ್ನೋ ಸಸ್ಯಮೂಲದ ಹೊದಿಕೆಯದನ್ನೋ ಕೇಳಿ ಪಡೆಯಬಹುದು. ಅಂತೆಯೇ ಪೊಟ್ಟಣದ ತಿಂಡಿಯ ಮೇಲಿನ ಹಸಿರು ಚುಕ್ಕೆಯನ್ನು ಕಂಡೊಡನೆ ಜೈನಾಹಾರವೆಂದು ಮಕ್ಕಳು ನಂಬಬಾರದು. ಸರಕಾರದ ನಿಯಮದಲ್ಲಿ ಜೇನುತುಪ್ಪವೂ ಸಸ್ಯಾಹಾರದ ಪಟ್ಟಿಯಲ್ಲಿಯೇ ಸೇರುತ್ತದೆ. ಶ್ರಾವಕನಿಗಾದರೋ ಮದ್ಯ, ಮಾಂಸ, ಮಧುಗಳ ತ್ಯಾಗವು ಮೂಲಗುಣಗಳಲ್ಲಿ ಸೇರಿದೆ. ಹಸಿರು ಚುಕ್ಕೆಯ ಕೆಳಗೆ ಈರುಳ್ಳಿಪುಡಿಯೂ ಇರಬಹುದು, ಬಟಾಟೆಯೂ ಇರಬಹುದು.

ಇನ್ನು ರಾತ್ರಿಭೋಜನದ ವಿಚಾರ. ಬೆಂಗಳೂರಿನಲ್ಲಿ ಸೂರ್ಯಾಸ್ತವು ನವೆಂಬರಿನಲ್ಲಿ ಸಂಜೆ 5 ಗಂಟೆ 50 ನಿಮಿಷದ ಸುಮಾರಿಗೂ, ಜುಲೈ ಮೊದಲಲ್ಲಿ 6 ಗಂಟೆ 50 ನಿಮಿಷದ ಸುಮಾರಿಗೂ ಆಗುತ್ತದೆ. ಅದಕ್ಕೆ ಎರಡು ಗಳಿಗೆ, ಎಂದರೆ 48 ನಿಮಿಷ ಮುಂಚೆಯೇ ಊಟ ಮುಗಿಸುವುದು ಉತ್ತಮ ಕ್ರಮ. ಆದರೆ ಕಾಲೇಜು ಮುಗಿಸಿ, ಅಲ್ಲಿಂದಲೇ ಪಾಠಕ್ಕೆ ಹೋಗಿ, ಮೆಟ್ರೋ ಹಿಡಿದು ಕೆಂಗೇರಿಗೆ ಮರಳುವ ಬಾಲಕ ಮನೆ ಸೇರುವಾಗ ಎಂಟು ಗಂಟೆ. ಮಧ್ಯಾಹ್ನದ ಡಬ್ಬಿಯ ಅನಂತರ ಅವನ ಹೊಟ್ಟೆಗೆ ಏನೂ ಬಿದ್ದಿಲ್ಲ. ಒಂದೋ ಅವನು ಬೀದಿಯ ಗೋಬಿ ಮಂಚೂರಿಗೆ ಶರಣಾಗುತ್ತಾನೆ. ಇಲ್ಲವೇ ಮಧ್ಯಾಹ್ನದಿಂದ ಮರುದಿನ ಬೆಳಗಿನವರೆಗೆ ಹಸಿದೇ ಇರುತ್ತಾನೆ. ಮೊದಲನೆಯದರಲ್ಲಿ ವ್ರತಭಂಗ, ಎರಡನೆಯದರಲ್ಲಿ ದೇಹಭಂಗ. ಎರಡಕ್ಕೂ ಪರಿಹಾರ ಇನ್ನೊಂದು ಡಬ್ಬಿ. ಸಂಜೆ ಐದಕ್ಕೆ ಬಿಚ್ಚುವ ಆ ಡಬ್ಬಿಯಲ್ಲಿ ತುಪ್ಪ ಸವರಿದ ಚಪಾತಿ, ಹೆಸರುಕಾಳಿನ ಪಲ್ಯ, ಒಂದು ಕಡಲೆಕಾಯಿ ಚಿಕ್ಕಿ, ಒಂದು ಬಾಳೆಹಣ್ಣು ಇದ್ದರೆ ಅದೇ ಅವನ ರಾತ್ರಿಯ ಊಟ. ಇದನ್ನು ಕಟ್ಟಿಕೊಡಲು ತಾಯಿಗೆ ಬೆಳಿಗ್ಗೆ ಅರ್ಧ ಗಂಟೆಯ ಶ್ರಮ ಹೆಚ್ಚು. ತಂದೆಯೂ ಮಗನೂ ಕೈಗೂಡಿಸಿದರೆ ಅದೂ ಹಗುರ.

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಬಂಧ, ವಧ, ಛೇದ, ಅತಿಭಾರಾರೋಪಣಗಳ ಸಾಲಿನಲ್ಲಿ ಕೊನೆಯದು ಅನ್ನಪಾನನಿರೋಧ: ತನ್ನ ಆಶ್ರಯದಲ್ಲಿರುವ ಜೀವಕ್ಕೆ ಹೊತ್ತಿಗೆ ಸರಿಯಾಗಿ ಅನ್ನ-ನೀರು ದೊರೆಯದಂತೆ ಮಾಡುವುದು. ಕೊಟ್ಟಿಗೆಯ ಹಸುವಿನ ವಿಷಯದಲ್ಲಿ ಈ ಅತಿಚಾರಕ್ಕೆ ಅಂಜುವ ಗೃಹಸ್ಥನು, ಪುಸ್ತಕದ ಅತಿಭಾರವನ್ನು ಹೊರಿಸಿ, ಹೊತ್ತಿಗೆ ಅನ್ನದ ಏರ್ಪಾಟಿಲ್ಲದೆ ಮಗುವನ್ನು ಊರೆಲ್ಲ ಸುತ್ತಿಸುವಾಗ ಅಂಜಬೇಡವೇ?

ಉಪವಾಸದ ವಿಷಯವನ್ನು ಇನ್ನೂ ಎಚ್ಚರಿಕೆಯಿಂದ ನೋಡಬೇಕು. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ, ತಪಸ್ಸುಗಳೆರಡರ ಹಿಂದೆಯೂ ‘ಶಕ್ತಿತಃ’ ಎಂಬ ಮಾತಿದೆ. ಶಕ್ತಿಯನ್ನು ಬಚ್ಚಿಡಬಾರದು, ಶಕ್ತಿಯನ್ನು ಮೀರಲೂಬಾರದು ಎಂಬುದು ಅದರ ತಾತ್ಪರ್ಯ. ಆದಿಪುರಾಣದ ಕಥೆ ಈ ಮಾತಿಗೆ ದೊಡ್ಡ ಸಾಕ್ಷಿ. ವೃಷಭಸ್ವಾಮಿಯೊಡನೆ ನಾಲ್ಕು ಸಾವಿರ ಅರಸರು ದೀಕ್ಷೆ ತೊಟ್ಟರು. ಸ್ವಾಮಿ ಆರು ತಿಂಗಳು ನಿರಾಹಾರನಾಗಿ ಯೋಗದಲ್ಲಿ ನಿಂತನು. ಅರಸರು ಸ್ವಾಮಿಭಕ್ತಿಯಿಂದ ಅನುಕರಿಸಿದರೇ ಹೊರತು ತಮ್ಮ ಶಕ್ತಿಯನ್ನು ಅಳೆದುಕೊಂಡಿರಲಿಲ್ಲ. ಹಸಿವು ತಾಳದೆ ಕಾಡಿನ ಹಣ್ಣು-ಗೆಡ್ಡೆಗಳಿಗೆ ಕೈಚಾಚಿ ಅವರೆಲ್ಲ ಮಾರ್ಗಭ್ರಷ್ಟರಾದರು. ಯೋಗ ಮುಗಿದ ಮೇಲೆ ಸ್ವಾಮಿ ಆಲೋಚಿಸಿದ ಬಗೆಯನ್ನು ಜಿನಸೇನಾಚಾರ್ಯರು ವರ್ಣಿಸಿದ್ದಾರೆ: ಮೋಕ್ಷಾರ್ಥಿಯು ದೇಹವನ್ನು ಕೇವಲ ಸೊರಗಿಸಲೂಬಾರದು, ಸವಿಯೂಟಗಳಿಂದ ಕೊಬ್ಬಿಸಲೂಬಾರದು, ನಡುವಣ ದಾರಿಯಲ್ಲಿ ನಡೆಸಬೇಕು. ಆ ದಾರಿಯನ್ನು ಮುಂದಿನವರಿಗೆ ತೋರಿಸುವುದಕ್ಕಾಗಿಯೇ ಸ್ವಾಮಿ ಆಹಾರಕ್ಕೆ ಹೊರಟನು. ಹಸ್ತಿನಾಪುರದಲ್ಲಿ ಶ್ರೇಯಾಂಸನು ಕಬ್ಬಿನ ಹಾಲನ್ನು ಕೊಟ್ಟ ದಿನವೇ ಅಕ್ಷಯ ತೃತೀಯೆ. ಪರಂಪರೆಯು ದೀರ್ಘ ಉಪವಾಸವನ್ನು ನೆನೆದಷ್ಟೇ ಆದರದಿಂದ ಆ ಪಾರಣೆಯನ್ನೂ ಹಬ್ಬವಾಗಿ ನೆನೆಯುತ್ತದೆ.

ಸಮಂತಭದ್ರಾಚಾರ್ಯರ ಜೀವನಕಥೆಯೂ ಇದನ್ನೇ ಹೇಳುತ್ತದೆ. ಎಷ್ಟು ಉಂಡರೂ ಭಸ್ಮವಾಗುವ ಭಸ್ಮಕವ್ಯಾಧಿ ಅವರನ್ನು ಹಿಡಿದಾಗ, ಮುನಿವ್ರತ ಕೆಡಬಾರದೆಂದು ಅವರು ಸಲ್ಲೇಖನಕ್ಕೆ ಗುರುವಿನ ಅಪ್ಪಣೆ ಬೇಡಿದರು. ಗುರು ಒಪ್ಪಲಿಲ್ಲ. ವೇಷವನ್ನು ಇಳಿಸಿ, ಬೇಕಾದಷ್ಟು ಆಹಾರ ತೆಗೆದುಕೊಂಡು, ರೋಗ ನೀಗಿದ ಮೇಲೆ ಪುನಃ ದೀಕ್ಷೆ ಪಡೆಯೆಂದು ಆಜ್ಞಾಪಿಸಿದರು. ಅವರು ಹಾಗೆಯೇ ನಡೆದುಕೊಂಡರೆಂದು ಪರಂಪರೆ ಹೇಳುತ್ತದೆ. ಅಂಥ ಮಹಾಮುನಿಗೇ ರೋಗದಲ್ಲಿ ಆಹಾರದ ಆಜ್ಞೆಯಾಯಿತೆಂದ ಮೇಲೆ, ರಕ್ತಹೀನತೆಯ ಬಾಲಿಕೆಗೆ ಉಪವಾಸದ ಪಂಥವೇಕೆ? 2016ರಲ್ಲಿ ನೆರೆರಾಜ್ಯದ ನಗರವೊಂದರಲ್ಲಿ ಎಳೆಯ ಬಾಲಿಕೆಯೊಬ್ಬಳು ಬಹುದಿನಗಳ ಉಪವಾಸದ ಪಾರಣೆಯಾದ ಕೆಲವೇ ದಿನಗಳಲ್ಲಿ ಅಸುನೀಗಿದ ಸುದ್ದಿ ದೇಶದ ಜೈನಸಮಾಜವನ್ನೆಲ್ಲ ತಲ್ಲಣಗೊಳಿಸಿತು. ಆ ದುಃಖವನ್ನು ಯಾರೂ ಮರೆಯತಕ್ಕದ್ದಲ್ಲ.

ಮತ್ತೊಂದು ಅಪಾಯ ಸದ್ದಿಲ್ಲದೆ ಬರುತ್ತದೆ. ಕನ್ನಡಿಯ ಮುಂದೆ ತಾನು ದಪ್ಪಗಿದ್ದೇನೆಂದು ಕೊರಗುವ ಮಗು, ಊಟ ಬಿಡಲು ಏಕಾಶನದ ಹೆಸರನ್ನು ಮುಂದೊಡ್ಡಬಹುದು. ಮನೆಯವರು ಭಕ್ತಿಯೆಂದು ಹೊಗಳಿದಷ್ಟೂ ಅದು ಸೊರಗುತ್ತ ಹೋಗುತ್ತದೆ. ಇಚ್ಛೆಯನ್ನು ತಡೆಯುವುದು ತಪಸ್ಸು. ಇಲ್ಲಿ ಇಚ್ಛೆಯೇ ಉಪವಾಸದ ವೇಷ ತೊಟ್ಟಿದೆ. ಇಂಥ ಮಗುವಿಗೆ ಗದರಿಕೆ ಬೇಡ, ಹೊಗಳಿಕೆಯೂ ಬೇಡ. ತಾಯಿಯ ಸಾಮೀಪ್ಯವೂ ವೈದ್ಯರ ಸಲಹೆಯೂ ಬೇಕು.

ಹಾಗೆಂದು ಮಕ್ಕಳನ್ನು ತಪಸ್ಸಿನಿಂದ ದೂರವಿಡಬೇಕೆಂದಲ್ಲ. ಬಾಹ್ಯ ತಪಸ್ಸು ಆರು ಬಗೆಯದು; ಅನಶನ ಅವುಗಳಲ್ಲಿ ಒಂದು ಮಾತ್ರ. ಎರಡನೆಯದಾದ ಅವಮೋದರ್ಯವನ್ನು ವಿವರಿಸುವಾಗ ಶಾಸ್ತ್ರವು ಪುರುಷನ ಪೂರ್ಣಾಹಾರ 32 ತುತ್ತು, ಸ್ತ್ರೀಯದು 28 ತುತ್ತು ಎಂದು ಮೊದಲು ಹೇಳಿ, ಅನಂತರ ಕಡಮೆ ಮಾಡುವ ಕ್ರಮವನ್ನು ತಿಳಿಸುತ್ತದೆ. ಪೂರ್ಣ ಯಾವುದೆಂದು ತಿಳಿಯದವನಿಗೆ ಊನ ಮಾಡುವುದು ತಿಳಿಯದು. ನಾಲ್ಕನೆಯದು ರಸಪರಿತ್ಯಾಗ: ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಎಂಬ ರಸಗಳಲ್ಲಿ ಯಾವುದನ್ನಾದರೂ ಬಿಡುವುದು. ಹಾಲು-ಮೊಸರುಗಳನ್ನು ಬಿಡುವ ಶಕ್ತಿ ಬೆಳೆಯುವ ದೇಹಕ್ಕಿಲ್ಲ. ಆದರೆ ರಸಪರಿತ್ಯಾಗದ ಒಳತಿರುಳಾದ ಜಿಹ್ವಾಜಯವನ್ನು ಹದಿಮೂರರ ಮಗುವೂ ಅಭ್ಯಾಸ ಮಾಡಬಹುದು.

ಅದಕ್ಕೆ ಭಾದ್ರಪದ ಶುದ್ಧ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವಕ್ಕಿಂತ ತಕ್ಕ ಕಾಲವಿಲ್ಲ. ಹತ್ತು ದಿನ, ಹತ್ತು ಪದಾರ್ಥ. ಮನೆಯಲ್ಲಿ ಭಕ್ಷ್ಯವೆಂದು ಒಪ್ಪಿದ, ಆದರೆ ನಾಲಗೆಗೆ ಒಗ್ಗದ ಒಂದೊಂದನ್ನು ದಿನಕ್ಕೊಂದರಂತೆ ಐದು ತುತ್ತು ತಿನ್ನುವೆನೆಂಬ ನಿಯಮ. ತಿನ್ನುವಾಗ ಅದರ ಗುಣದೋಷಗಳನ್ನು ಆಡೆನೆಂಬ ಮೌನ. ಈ ನಿಯಮವನ್ನು ಮಗುವಿನ ಮೇಲೆ ಹೇರಬಾರದು. ಮಗುವೇ ಸಂಕಲ್ಪಿಸಿ, ಹಿರಿಯರೆದುರು ಕೈಮುಗಿದು ತೆಗೆದುಕೊಳ್ಳಬೇಕು. ಹೇರಿದರೆ ಅದು ಶಿಕ್ಷೆ, ಸಂಕಲ್ಪಿಸಿದರೆ ವ್ರತ.

ಮೊದಲು ಹೇಳಿದ ಮನೆಯಲ್ಲಿ ಅಜ್ಜಿ ಇದನ್ನೇ ಸೂಚಿಸಿದರೆಂದು ಭಾವಿಸೋಣ. ಬಾಲಿಕೆ ಸ್ವಲ್ಪ ಹೊತ್ತು ಯೋಚಿಸಿ ಕೇಳುತ್ತಾಳೆ: “ಅಪ್ಪ ಹಾಗಲಕಾಯಿ ತಿನ್ನೋದಿಲ್ಲವಲ್ಲ ಅಜ್ಜಿ? ಅವರಿಗೂ ನಿಯಮ ಉಂಟಾ?” ನಲವತ್ತೈದು ವರ್ಷದಿಂದ ತಟ್ಟೆಯ ಅಂಚಿಗೆ ಹಾಗಲಕಾಯಿಯ ಹೋಳುಗಳನ್ನು ದೂಡುತ್ತ ಬಂದ ತಂದೆಗೆ ಉತ್ತರ ಹೊಳೆಯುವುದಿಲ್ಲ. ಆ ಪಂಚಮಿಯಂದು ಇಬ್ಬರೂ ಕೂಡಿಯೇ ನಿಯಮ ತೆಗೆದುಕೊಳ್ಳುತ್ತಾರೆ. ಮಗಳಿಗೆ ಹೀರೇಕಾಯಿ, ತಂದೆಗೆ ಹಾಗಲಕಾಯಿ. ಐದು ತುತ್ತುಗಳಲ್ಲಿ ಮೂರನೆಯದು ಕಷ್ಟ. ಐದನೆಯದು ಅಷ್ಟು ಕಷ್ಟವಲ್ಲ. ಅಜ್ಜಿ ಏನನ್ನೂ ಆಡುವುದಿಲ್ಲ.

ನಾಲಗೆಯು ಒಂದು ಇಂದ್ರಿಯ. ಅದನ್ನು ಗೆಲ್ಲುವ ದಾರಿಯಲ್ಲಿ ಎಳೆಯರಿಗೆ ಮೊದಲ ಮೆಟ್ಟಿಲು ತಿನ್ನುವುದು, ಅನಂತರದ್ದು ಬಿಡುವುದು. ತಿನ್ನಬೇಕಾದುದನ್ನು ಸಮಭಾವದಿಂದ ತಿನ್ನಲು ಕಲಿತ ಮಗುವೇ ಮುಂದೆ ಬಿಡಬೇಕಾದುದನ್ನು ಸಮಭಾವದಿಂದ ಬಿಡಬಲ್ಲದು. ಅಂಥ ಮಕ್ಕಳ ಕೈಯಲ್ಲಿ ವ್ರತವೂ ಕ್ಷೇಮ, ವ್ರತವನ್ನು ಹೊತ್ತ ದೇಹವೂ ಕ್ಷೇಮ. ಎಲ್ಲ ಮನೆಗಳ ಮಕ್ಕಳಿಗೂ ಆರೋಗ್ಯವೂ ಸಂಯಮವೂ ಜೊತೆಜೊತೆಯಾಗಿ ಬೆಳೆಯಲಿ. ಸರ್ವಜೀವಗಳಿಗೂ ಮಂಗಳವಾಗಲಿ.